ಜನರೇಟರೂ ಕೈಕೊಟ್ಟಾಗ ಹೊಟೇಲು ನಡೆಸುವುದು ಹೇಗೆ?

ಕರೆಂಟು ಹೋಗುವುದು ಹೊಟೇಲು ನಡೆಸುವವರಿಗೆ ಹೊಸ ಮಾತಲ್ಲ. ಕರೆಂಟು ಹೋದರೆ ಜನರೇಟರ್ ಇದೆ, ಚಿಕ್ಕ ಹೊಟೇಲಾದರೆ ಇನ್‌ವರ್ಟರ್ ಇದೆ ಎಂಬ ಧೈರ್ಯ ನಮ್ಮೆಲ್ಲರಲ್ಲೂ ಇದೆ. ಆದರೆ ಗುಂಡಿ ಒತ್ತಿದಾಗ ಜನರೇಟರ್ ಏಳದಿದ್ದರೆ? ಎದ್ದು ಹತ್ತು ನಿಮಿಷಕ್ಕೆ ಬಿಸಿಯಾಗಿ ನಿಂತುಬಿಟ್ಟರೆ? ಇನ್‌ವರ್ಟರ್ ಅರ್ಧ ಗಂಟೆಗೆ ಕೀರಲು ದನಿ ಹೊರಡಿಸಿ ಕಣ್ಣು ಮುಚ್ಚಿದರೆ? ಆಗ ಏನು ಮಾಡಬೇಕೆಂದು ಬರೆದಿಟ್ಟುಕೊಂಡ ಹೊಟೇಲುಗಳು ನಮ್ಮಲ್ಲಿ ಎಷ್ಟಿವೆ ಎಂಬುದನ್ನು ಸದಸ್ಯ ಬಾಂಧವರು ಒಮ್ಮೆ ಯೋಚಿಸಬೇಕು.

ಕತ್ತಲೆಯಿಂದ ಹೊಟೇಲಿಗೆ ಆಗುವ ನಷ್ಟ ಒಂದು ದಿನದ ವ್ಯಾಪಾರದ್ದು. ಕತ್ತಲೆಯೇ ಆಗಿಲ್ಲವೆಂಬಂತೆ ವ್ಯಾಪಾರ ಮುಂದುವರಿಸಿದರೆ ಆಗುವ ನಷ್ಟ ಬೇರೆ. ಗಾಳಿಯಾಡದ ಅಡುಗೆಮನೆಯಲ್ಲಿ ಎಲ್ಲ ಒಲೆಗಳನ್ನೂ ಉರಿಸುವುದು, ತಣ್ಣಗಿಲ್ಲದ ಫ್ರಿಜ್‌ನ ಸಾಮಾನು ಬಡಿಸುವುದು, ಹಿಂದಿನ ಓಣಿಯಲ್ಲಿ ಬಾಡಿಗೆ ಜನರೇಟರ್ ಇಟ್ಟು ಹೇಗೋ ವಯರು ಎಳೆಯುವುದು, ಇವುಗಳಿಂದಲೇ ಜೀವಕ್ಕೂ ಹೆಸರಿಗೂ ಕುತ್ತು ಬರುತ್ತದೆ. ಆದ್ದರಿಂದ ಯಂತ್ರ ಕೈಕೊಟ್ಟ ದಿನ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮಾರಬೇಕು, ಯಾವುದನ್ನು ಎಸೆಯಬೇಕು ಎಂಬ ಮೂರು ತೀರ್ಮಾನಗಳನ್ನು ಕರೆಂಟು ಇರುವಾಗಲೇ ಮಾಡಿಟ್ಟುಕೊಳ್ಳಬೇಕು.

ನಮ್ಮ ಊರುಗಳು ಕಂಡದ್ದು

ಇದು ಅಪರೂಪದ ಮಾತು ಎಂದು ಯಾರೂ ತಿಳಿಯಬಾರದು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಉಪನಗರಗಳಲ್ಲಿ ವಿದ್ಯುತ್ ನಿಂತಿತು. ನೀರು ನುಗ್ಗಿದ ಕಡೆ ನೆಲದ ಮೇಲಿದ್ದ ಬ್ಯಾಟರಿ, ಜನರೇಟರ್, ಪ್ಯಾನೆಲ್ ಎಲ್ಲವೂ ನೀರಿನ ಪಾಲಾದವು. ಕರೆಂಟು ಹೋಗಲು ಕಾರಣವಾದ ಮಳೆಯೇ ಬದಲಿ ವ್ಯವಸ್ಥೆಯನ್ನೂ ಮುಳುಗಿಸಿತ್ತು.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಎರಡು ದಿನ ಸಾಲಾಗಿ ಕುಸಿಯಿತು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಜೊತೆಗೆ ಬಿದ್ದು, ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ ಕತ್ತಲಾಯಿತು. ದಿಲ್ಲಿಯ ಮೆಟ್ರೋ ಕೂಡ ನಿಂತಿತು.

ಚೆನ್ನೈಯವರಿಗೆ 2016ರ ಡಿಸೆಂಬರ್ 12ರ ವರ್ದಾ ಚಂಡಮಾರುತದ ನೆನಪು ಇರಬೇಕು. ನೋಟು ರದ್ದಾಗಿ ಒಂದು ತಿಂಗಳಷ್ಟೇ ಕಳೆದಿತ್ತು. ಜನರ ಕೈಯಲ್ಲಿ ನಗದಿರಲಿಲ್ಲ. ಕರೆಂಟು, ಟೆಲಿಫೋನು ಹೋದ ಕಡೆ ಕಾರ್ಡ್ ಯಂತ್ರ ನಡೆಯಲಿಲ್ಲ, ಎಟಿಎಂ ತೆರೆಯಲಿಲ್ಲ. ಅಡುಗೆ ಇದ್ದರೂ ಹಣ ಪಡೆಯುವ ದಾರಿ ಇಲ್ಲದ ಸ್ಥಿತಿ.

2020ರ ಅಕ್ಟೋಬರ್ 12ರಂದು ಬೆಳಗ್ಗೆ ಸುಮಾರು 10 ಗಂಟೆಗೆ ಮುಂಬಯಿ, ಠಾಣೆ, ನವಿಮುಂಬಯಿಗಳಲ್ಲಿ ಏಕಕಾಲಕ್ಕೆ ಕರೆಂಟು ಹೋಯಿತು. ಲೋಕಲ್ ರೈಲುಗಳು ಹಳಿಯ ಮೇಲೇ ನಿಂತವು. ಹೊರಗಿನ ಜಾಲ ಕೆಟ್ಟರೆ ಮುಂಬಯಿಯನ್ನು ಅದರಿಂದ ಬೇರ್ಪಡಿಸಿ, ನಗರದ ಸ್ವಂತ ಉತ್ಪಾದನೆಯಿಂದ ನಡೆಸುವ ಐಲ್ಯಾಂಡಿಂಗ್ ಎಂಬ ವ್ಯವಸ್ಥೆ 1980ರ ದಶಕದಿಂದಲೇ ಇದೆ. ಆ ದಿನ ಅದೂ ನಗರವನ್ನು ಉಳಿಸಲಿಲ್ಲ. ಅಂದರೆ ಇಡೀ ನಗರದ ಬದಲಿ ವ್ಯವಸ್ಥೆಯೇ ಕೈಕೊಟ್ಟಿತ್ತು. ಕೊರೋನಾ ನಿರ್ಬಂಧದ ನಂತರ ಮಹಾರಾಷ್ಟ್ರದಲ್ಲಿ ಹೊಟೇಲುಗಳಲ್ಲಿ ಕುಳಿತು ತಿನ್ನಲು ಅನುಮತಿ ಸಿಕ್ಕಿದ್ದು ಅಕ್ಟೋಬರ್ 5ರಂದು, ಅದೂ ಅರ್ಧ ಆಸನಗಳಿಗೆ. ತಿಂಗಳುಗಟ್ಟಲೆ ನಿಂತಿದ್ದ ಯಂತ್ರಗಳನ್ನು ಎಬ್ಬಿಸಿ ಒಂದೇ ವಾರವಾಗಿತ್ತು. ಮರುದಿನ, ಅಂದರೆ ಅಕ್ಟೋಬರ್ 13ರ ರಾತ್ರಿ, ಹೈದರಾಬಾದಿನಲ್ಲಿ ಸುರಿದ ಭಾರಿ ಮಳೆಗೆ ಎಷ್ಟೋ ಕಟ್ಟಡಗಳ ಸೆಲ್ಲಾರುಗಳು ತುಂಬಿದವು. ಜನರೇಟರ್ ಇಡುವ ಜಾಗವೂ ಬಹುಪಾಲು ಸೆಲ್ಲಾರೇ ಆಗಿರುತ್ತದೆ.

ಯಂತ್ರ ಏಕೆ ಕೈಕೊಡುತ್ತದೆ?

ಜನರೇಟರ್ ಏಳದಿರುವುದಕ್ಕೆ ಹೆಚ್ಚಾಗಿ ಇಂಜಿನ್ ಕಾರಣವಲ್ಲ, ಅದನ್ನು ಎಬ್ಬಿಸುವ ಬ್ಯಾಟರಿ ಕಾರಣ. 12 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವಾಗ ಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಅದು ಅರ್ಧ ಖಾಲಿ ಎಂದೇ ಅರ್ಥ. ಟರ್ಮಿನಲ್‌ಗಳಲ್ಲಿ ಬೂದು ಹಿಡಿದಿದ್ದರೆ ಚಾರ್ಜ್ ಇದ್ದರೂ ಪ್ರಯೋಜನವಿಲ್ಲ.

ಎರಡನೆಯ ಕಾರಣ ಡೀಸೆಲ್. ವರ್ಷಗಟ್ಟಲೆ ಟ್ಯಾಂಕಿನಲ್ಲಿ ಕುಳಿತ ಡೀಸೆಲಿಗೆ ತೇವ ಸೇರುತ್ತದೆ, ತಳದಲ್ಲಿ ಕೆಸರು ಕಟ್ಟುತ್ತದೆ. ಇಂಜಿನ್ ಎದ್ದ ಹತ್ತು ಹದಿನೈದು ನಿಮಿಷಕ್ಕೆ ಆ ಕೆಸರು ಫಿಲ್ಟರಿಗೆ ಬಂದು ಇಂಜಿನ್ ನಿಲ್ಲುತ್ತದೆ. ಟ್ಯಾಂಕು ಪೂರ್ತಿ ಖಾಲಿಯಾದ ಮೇಲೆ ಡೀಸೆಲ್ ಸುರಿದರೆ ಪೈಪಿನಲ್ಲಿ ಗಾಳಿ ಸೇರಿಕೊಂಡು, ಅದನ್ನು ತೆಗೆಯುವವರೆಗೂ ಇಂಜಿನ್ ಹಿಡಿಯುವುದಿಲ್ಲ. ಈ ಗಾಳಿ ತೆಗೆಯುವ ಕೆಲಸ ನಿಮ್ಮ ಹೊಟೇಲಿನಲ್ಲಿ ಯಾರಿಗೆ ಗೊತ್ತಿದೆ?

ಮೂರನೆಯದು ಪ್ಯಾನೆಲ್. ಜನರೇಟರ್ ಚೆನ್ನಾಗಿ ಓಡುತ್ತಿರುತ್ತದೆ, ಹೊಟೇಲು ಮಾತ್ರ ಕತ್ತಲು. ಚೇಂಜ್ ಓವರ್ ಸ್ವಿಚ್ ಸಿಕ್ಕಿಹಾಕಿಕೊಂಡಿರುತ್ತದೆ, ಅಥವಾ ಮೆಕ್ಯಾನಿಕ್ ಹೋದ ಸಲ ಬಂದಾಗ ಆಟೋದಿಂದ ತೆಗೆದು ಮ್ಯಾನ್ಯುವಲ್‌ಗೆ ಹಾಕಿದ್ದನ್ನು ಯಾರೂ ನೋಡಿರುವುದಿಲ್ಲ.

ನಾಲ್ಕನೆಯದು ನಾವೇ ಏರಿಸಿದ ಹೊರೆ. ಜನರೇಟರ್ ಕೊಂಡಾಗ ಇದ್ದದ್ದು ಎರಡು ಫ್ರಿಜ್, ಹತ್ತು ಫ್ಯಾನು. ನಂತರ ಎ.ಸಿ. ಹಾಲ್ ಬಂತು, ಡೀಪ್ ಫ್ರೀಜರ್ ಬಂತು, ಪಾತ್ರೆ ತೊಳೆಯುವ ಯಂತ್ರ ಬಂತು. ಕೆವಿಎ ಮಾತ್ರ ಹಳೆಯದೇ ಉಳಿಯಿತು. ಮೋಟಾರುಗಳು ಶುರುವಾಗುವ ಗಳಿಗೆಯಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತವೆ. ಎಲ್ಲವೂ ಒಟ್ಟಿಗೆ ಶುರುವಾದರೆ ಜನರೇಟರ್ ಟ್ರಿಪ್ ಆಗದೆ ಇರುತ್ತದೆಯೇ?

ಇನ್‌ವರ್ಟರಿನ ಲೆಕ್ಕವನ್ನೂ ಹೇಳಿಬಿಡುತ್ತೇವೆ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯೊಂದರಲ್ಲಿ ಕಾಗದದ ಮೇಲೆ 1800 ವಾಟ್-ಅವರ್ ಶಕ್ತಿ ಇದೆ. ಸೋರಿಕೆ, ವಯಸ್ಸು ಎಲ್ಲ ಕಳೆದರೆ 1200 ಎಂದು ಹಿಡಿಯುವುದು ಲೇಸು. ಹತ್ತು ಎಲ್‌ಇಡಿ ದೀಪ ಮತ್ತು ಬಿಲ್ಲಿಂಗ್ ಕಂಪ್ಯೂಟರ್ ಸೇರಿ 200 ವಾಟ್ ಆದರೆ 6 ಗಂಟೆ ನಡೆಯುತ್ತದೆ. ಅದಕ್ಕೇ 75 ವಾಟಿನ ನಾಲ್ಕು ಫ್ಯಾನು ಸೇರಿಸಿದರೆ ಎರಡೂವರೆ ಗಂಟೆಯೂ ಬರುವುದಿಲ್ಲ. ಗಿರಾಕಿಗೆ ಗಾಳಿ ಬೇಕು, ನಿಜ. ಆದರೆ ಮೆಟ್ಟಿಲಿನ ದೀಪ ಆರಿದರೆ ಬೀಳುವವನೂ ಗಿರಾಕಿಯೇ. ಫ್ಯಾನಿನ ಸಂಪರ್ಕವನ್ನು ಇನ್‌ವರ್ಟರಿನಿಂದ ಕಳಚುವ ಸ್ವಿಚ್ ಪ್ರತ್ಯೇಕವಾಗಿರಲಿ.

ಮೊದಲ ಹದಿನೈದು ನಿಮಿಷ

ಕರೆಂಟು ಹೋಗಿ, ಬದಲಿಯೂ ಇಲ್ಲ ಎಂದಾಗ ಮಾಲಿಕನಿಂದ ಹಿಡಿದು ಮೇಸ್ತ್ರಿಯವರೆಗೆ ಎಲ್ಲರೂ ಜನರೇಟರ್ ಸುತ್ತ ಸೇರುವುದು ವಾಡಿಕೆ. ಇದು ಆಗಬಾರದು. ಜನರೇಟರ್ ಕಡೆಗೆ ಒಬ್ಬರು ಸಾಕು. ಉಳಿದವರ ಕೆಲಸ ಅಡುಗೆಮನೆಯಲ್ಲೂ ಹಾಲ್‌ನಲ್ಲೂ ಇದೆ.

ಮೊದಲನೆಯದು ಗ್ಯಾಸ್. ಎಕ್ಸಾಸ್ಟ್ ಮತ್ತು ಹೊರಗಾಳಿ ತರುವ ಬ್ಲೋವರ್ ನಿಂತಾಗ ಭಟ್ಟಿಗಳು ಅಡುಗೆಮನೆಯ ಗಾಳಿಯನ್ನೇ ತಿನ್ನುತ್ತವೆ. ಆಮ್ಲಜನಕ ಕಡಿಮೆಯಾದ ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಬಂದರೆ ಸೆಕೆಯಿಂದ ಎಂದುಕೊಂಡು ಕೆಲಸದವರು ಸುಮ್ಮನಿರುತ್ತಾರೆ. ಕಿಟಕಿ ಬಾಗಿಲು ತೆರೆಯುವ ಅಡುಗೆಮನೆಯಾದರೆ ಎರಡೋ ಮೂರೋ ಒಲೆ ಸಾಕು. ಬೇಸ್‌ಮೆಂಟಿನ ಅಥವಾ ಕಿಟಕಿಯಿಲ್ಲದ ಅಡುಗೆಮನೆಯಾದರೆ ಒಲೆ ಪೂರ್ತಿ ಬಂದ್.

ಗ್ಯಾಸ್ ಸೋರಿಕೆ ಪತ್ತೆ ಮಾಡುವ ಯಂತ್ರವೂ ಕರೆಂಟಿನಿಂದಲೇ ನಡೆಯುತ್ತದೆ, ಅದಕ್ಕೆ ಸ್ವಂತ ಬ್ಯಾಟರಿ ಇದೆಯೇ ನೋಡಿಕೊಳ್ಳಿ. ಕೆಲವು ಹೊಟೇಲುಗಳಲ್ಲಿ ಕರೆಂಟು ಹೋದೊಡನೆ ಗ್ಯಾಸ್ ಲೈನ್ ತಾನಾಗಿ ಮುಚ್ಚುವ ಸೊಲೆನಾಯ್ಡ್ ವಾಲ್ವ್ ಇರುತ್ತದೆ. ಉರಿ ಆರುತ್ತದೆ, ಆದರೆ ಒಲೆಗಳ ವಾಲ್ವ್ ತೆರೆದೇ ಇರುತ್ತದೆ. ಲೈನ್ ಮತ್ತೆ ತೆರೆದಾಗ ಉರಿಯಿಲ್ಲದ ಒಲೆಗಳಿಂದ ಗ್ಯಾಸ್ ಹರಿಯುತ್ತದೆ. ಆದ್ದರಿಂದ ಕರೆಂಟು ಹೋದ ಕೂಡಲೇ ಆರಿದ ಪ್ರತಿ ಒಲೆಯ ವಾಲ್ವನ್ನೂ ಕೈಯಿಂದ ಮುಚ್ಚಿಸಬೇಕು. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ, ಚರಂಡಿಯಲ್ಲಿ ತಂಗುತ್ತದೆ. ಪೈಪಿನ ಗ್ಯಾಸ್ ಹಗುರ, ಮಾಡಿನ ಕೆಳಗೆ ಸೇರುತ್ತದೆ. ಎರಡೂ ಕಡೆ ಮೇಣದ ಬತ್ತಿ ಬೇಡವೇ ಬೇಡ, ಬ್ಯಾಟರಿ ದೀಪವೇ ಆಗಬೇಕು.

ಎರಡನೆಯದು ಫ್ರಿಜ್ ಬಾಗಿಲು. ಕರೆಂಟು ಹೋದ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ಪ್ರತಿ ಫ್ರಿಜ್, ಫ್ರೀಜರ್ ಬಾಗಿಲಿಗೆ ಅಂಟಿಸಿ. ಮ್ಯಾನೇಜರ್ ಹೇಳದೆ ಯಾರೂ ತೆರೆಯಬಾರದು. ಈ ಚೀಟಿಯ ಬೆಲೆ ಮುಂದೆ ತಿಳಿಯುತ್ತದೆ.

ಮೂರನೆಯದು ಜನ. ಮೆಟ್ಟಿಲು, ಶೌಚಾಲಯ, ಮಾಳಿಗೆಯ ಮೇಲೆ ಮಲಗಿದ ಪಾಳಿಯ ಹುಡುಗರು, ಸಾಮಾನಿನ ಲಿಫ್ಟ್ ಎಲ್ಲವನ್ನೂ ಒಬ್ಬರು ಹೋಗಿ ನೋಡಿ ಬರಬೇಕು. ಸಾಂಬಾರಿನ ಬಿಸಿ ಕೊಪ್ಪರಿಗೆಯನ್ನು ಕತ್ತಲಲ್ಲಿ ಎತ್ತಿಸಬೇಡಿ, ಅದು ಇದ್ದಲ್ಲೇ ಇರಲಿ.

ಜನರೇಟರಿಗೆ ಹದಿನೈದು ನಿಮಿಷದ ಗಡುವು ಇಡಿ. ಸೆಲ್ಫ್ ಹೊಡೆಯುವುದು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದು ನಿಮಿಷ ಬಿಡಿ, ಮೂರು ಸಲಕ್ಕೆ ಏಳದಿದ್ದರೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಅದನ್ನು ಮರೆತುಬಿಡಿ. ಈಗ ಬಂದೀತು ಎಂದು ಕಾಯುತ್ತಾ ಎರಡು ಗಂಟೆ ಕಳೆದರೆ ಆಗ ಅಡುಗೆಯೂ ಕೆಡುತ್ತದೆ, ಗಿರಾಕಿಯೂ ಹೋಗುತ್ತಾನೆ.

ಬಾಡಿಗೆ ಜನರೇಟರ್ ಸಿಕ್ಕಿತೆಂದು ಮುಖ್ಯ ಲೈನಿಗೆ ನೇರ ವಯರು ಸಿಕ್ಕಿಸುವ ಕೆಲಸಕ್ಕೆ ಯಾರೂ ಕೈಹಾಕಬಾರದು. ಚೇಂಜ್ ಓವರ್ ಸ್ವಿಚ್ ಇಲ್ಲದೆ ಜೋಡಿಸಿದರೆ ನಿಮ್ಮ ಕರೆಂಟು ಹಿಂದಕ್ಕೆ ಹರಿದು ಬೀದಿಯ ಲೈನಿಗೆ ಹೋಗುತ್ತದೆ. ಅಲ್ಲಿ ಕಂಬದ ಮೇಲೆ ದುರಸ್ತಿ ಮಾಡುತ್ತಿರುವವನ ಜೀವ ಹೋದೀತು. ಹಾಗೆಯೇ ಪೋರ್ಟಬಲ್ ಜನರೇಟರನ್ನು ಹಿಂಬಾಗಿಲ ಒಳಗೆ, ಮೆಟ್ಟಿಲ ಕೆಳಗೆ ಇಡಬಾರದು. ಅದರ ಹೊಗೆಯಲ್ಲೂ ಕಾರ್ಬನ್ ಮೊನಾಕ್ಸೈಡ್ ಇದೆ.

ಯಾವುದನ್ನು ಮಾರಬೇಕು?

ಅಂಗಡಿ ಮುಚ್ಚಲೇಬೇಕೆಂದಿಲ್ಲ. ಕಿಟಕಿಯಿರುವ ಅಡುಗೆಮನೆ, ಹಗಲಿನ ಬೆಳಕು, ಎರಡು ಒಲೆ ಇದ್ದರೆ ವ್ಯಾಪಾರ ಮಾಡಬಹುದು. ಆದರೆ 120 ತಿಂಡಿಗಳ ಮೆನು ಕಾರ್ಡನ್ನು ಅಂದಿನ ಮಟ್ಟಿಗೆ ಒಳಗಿಡಬೇಕು. ಎಂಟು ಹತ್ತು ಪದಾರ್ಥಗಳ ಕತ್ತಲೆ ಮೆನು ಒಂದನ್ನು ಮೊದಲೇ ಬರೆಸಿ, ಲ್ಯಾಮಿನೇಟ್ ಮಾಡಿ ಇಟ್ಟುಕೊಳ್ಳಿ.

ಅದರಲ್ಲಿ ಏನಿರಬೇಕು? ರುಬ್ಬುವ ಕೆಲಸ ಬೇಡದ್ದು, ಫ್ರಿಜ್ ಬೇಡದ್ದು, ಕಡಿಮೆ ಹೊತ್ತು ಒಲೆ ಬೇಡುವುದು, ಕುದಿಯುತ್ತಿರುವಾಗಲೇ ತಟ್ಟೆಗೆ ಹೋಗುವುದು. ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಚಿತ್ರಾನ್ನ, ಪೂರಿ-ಆಲೂಗಡ್ಡೆ ಪಲ್ಯ, ಗೋಳಿಬಜೆ, ಚಹಾ, ಕಾಫಿ ಇವಿಷ್ಟರಿಂದಲೇ ಒಂದು ಹೊತ್ತು ದಾಟುತ್ತದೆ. ರವೆ ಇಡ್ಲಿಯೂ ಈ ಪಟ್ಟಿಗೆ ಸೇರಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಬೆಂಗಳೂರಿನ ಎಂ.ಟಿ.ಆರ್.ನವರು ರವೆಯಿಂದ ಇಡ್ಲಿ ಮಾಡಿದರೆಂದು ಹೇಳುವುದುಂಟು. ಅದಕ್ಕೆ ಗ್ರೈಂಡರ್ ಬೇಡ, ರಾತ್ರಿಯಿಡೀ ಹುದುಗುವುದೂ ಬೇಡ.

ದೋಸೆ ಹಿಟ್ಟಿನ ಮಾತೇ ಬೇರೆ. ಬೆಳಗ್ಗೆಗೆ ಬೇಕಾದ ಹಿಟ್ಟನ್ನು ಹಿಂದಿನ ದಿನ ಮಧ್ಯಾಹ್ನ, ಸಂಜೆ ರುಬ್ಬುತ್ತೇವೆ. ಆದ್ದರಿಂದ ಸಂಜೆ ಹೋದ ಕರೆಂಟಿನ ಪೆಟ್ಟು ಬೀಳುವುದು ಮರುದಿನ ಬೆಳಗಿನ ತಿಂಡಿಗೆ. ರುಬ್ಬಿಟ್ಟ ಹಿಟ್ಟು ಫ್ರಿಜ್ ಇಲ್ಲದೆ ಬೇಗ ಹುಳಿಯುತ್ತದೆ. ತುಸು ಹೆಚ್ಚು ಹುಳಿಯಾದರೆ ಈರುಳ್ಳಿ ಊತಪ್ಪಕ್ಕೋ ಗುಳಿಯಪ್ಪಕ್ಕೋ ಬಳಸಬಹುದು. ಕೆಟ್ಟ ವಾಸನೆ ಬಂದರೆ, ಬಣ್ಣ ಬದಲಾದರೆ, ಮೇಲೆ ಬೂಷ್ಟು ಕಂಡರೆ ಚೆಲ್ಲಬೇಕು. ರುಬ್ಬದೆ ಉಳಿದ ನೆನೆಸಿದ ಅಕ್ಕಿ, ಉದ್ದನ್ನು ಹತ್ತಿರದ ಗಿರಣಿಯಲ್ಲಿ ಅಥವಾ ಕರೆಂಟು ಇರುವ ಬೀದಿಯ ನಮ್ಮವರ ಹೊಟೇಲಿನಲ್ಲಿ ರುಬ್ಬಿಸಿಕೊಳ್ಳುವ ಮಾತನ್ನು ಮೊದಲೇ ಆಡಿಟ್ಟುಕೊಳ್ಳಿ. ಇಂಥ ಸಹಾಯಕ್ಕೇ ಅಲ್ಲವೇ ಸಂಘ ಇರುವುದು?

ತೆಂಗಿನಕಾಯಿ ಚಟ್ನಿಯನ್ನು ಆ ದಿನ ಬಿಟ್ಟುಬಿಡಿ. ಇರುವುದು ಬೆಳಗಿನ ಚಟ್ನಿ, ಹೊಸದು ರುಬ್ಬಲು ಕರೆಂಟಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿ ಕೊಡಿ. ಗಿರಾಕಿ ಗೊಣಗಿದರೆ ಗೊಣಗಲಿ.

ಯಾವುದನ್ನು ಎಸೆಯಬೇಕು?

ಈ ಲೇಖನದ ಮುಖ್ಯ ಭಾಗ ಇದೇ. ಕೈಯಾರೆ ಮಾಡಿದ ಅಡುಗೆ ಚೆಲ್ಲುವುದು ನಮ್ಮವರಿಗೆ ಕಷ್ಟದ ಕೆಲಸ. ಅನ್ನ ದೇವರು ಎಂದು ಬೆಳೆದವರು ನಾವು. ಆದರೆ ಕೆಟ್ಟ ಅನ್ನವನ್ನು ಬಡಿಸುವುದು ಚೆಲ್ಲುವುದಕ್ಕಿಂತ ದೊಡ್ಡ ಪಾಪ.

ನಿಯಮ ಸರಳ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆ ಅಪಾಯದ ವಲಯ. ತಣ್ಣಗಿರಬೇಕಾದದ್ದು 5ರ ಕೆಳಗಿರಬೇಕು, ಬಿಸಿಯಿರಬೇಕಾದದ್ದು 60ರ ಮೇಲಿರಬೇಕು. ನಡುವೆ ಸಿಕ್ಕಿಕೊಂಡ ಹೊತ್ತು ಒಟ್ಟು ಎರಡು ಗಂಟೆಯ ಒಳಗಿದ್ದರೆ ಮತ್ತೆ ತಣ್ಣಗೆ ಮಾಡಿ ಇಡಬಹುದು. ಎರಡರಿಂದ ನಾಲ್ಕು ಗಂಟೆಯಾಗಿದ್ದರೆ ಕೂಡಲೇ ಬಳಸಬೇಕು, ಮತ್ತೆ ಎತ್ತಿಡಬಾರದು. ನಾಲ್ಕು ಗಂಟೆ ದಾಟಿದ್ದರೆ ಎಸೆಯಬೇಕು.

ಬಾಗಿಲು ತೆರೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಎಂದು ಪುಸ್ತಕಗಳು ಹೇಳುತ್ತವೆ. ಅದು ಮನೆಯ ಲೆಕ್ಕ. ಭಟ್ಟಿಯ ಪಕ್ಕದಲ್ಲಿರುವ, ರಬ್ಬರ್ ಸವೆದ, ಹೊತ್ತಿಗೆ ಹತ್ತು ಸಲ ತೆರೆಯುವ ನಮ್ಮ ಫ್ರಿಜ್‌ಗಳಿಗೆ ಅಷ್ಟು ಅವಧಿ ಸಿಗದು. ಪ್ರತಿ ಫ್ರಿಜ್‌ನಲ್ಲೂ ಒಂದು ಥರ್ಮಾಮೀಟರ್ ಇರಲೇಬೇಕು. ಬಾಗಿಲಿಗೆ ಅಂಟಿಸಿದ ಚೀಟಿ ಮತ್ತು ಈ ಥರ್ಮಾಮೀಟರ್ ಎರಡೂ ಇದ್ದರೆ ಊಹೆಯ ಮಾತೇ ಇಲ್ಲ. ಫ್ರೀಜರಿನಲ್ಲಿ ಒಂದು ಲೋಟ ನೀರು ಗಟ್ಟಿಗಟ್ಟಿಸಿ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟುಬಿಡಿ. ರಜೆ ಮುಗಿಸಿ ಬಂದಾಗ ನಾಣ್ಯ ತಳಕ್ಕೆ ಇಳಿದಿದ್ದರೆ, ನೀವಿಲ್ಲದಾಗ ಮಂಜು ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ತಿಳಿಯಿರಿ.

ಹಾಲು, ಪನೀರ್, ಕೆನೆ, ಕೋಳಿ, ಮೀನು, ಮೊಟ್ಟೆಯ ಪದಾರ್ಥ, ಬೇಯಿಸಿಟ್ಟ ಅನ್ನ, ಬೇಳೆ, ಗ್ರೇವಿ, ತೆಂಗಿನಕಾಯಿ ಇವೆಲ್ಲ ಮೊದಲು ಕೆಡುವ ಪಟ್ಟಿಯಲ್ಲಿವೆ. ಉಪ್ಪಿನಕಾಯಿ, ಬೆಣ್ಣೆ, ಹಸಿ ತರಕಾರಿ, ಹಣ್ಣುಗಳಿಗೆ ಅವಸರವಿಲ್ಲ.

ಇಲ್ಲಿ ಒಂದು ಮಾತು ಅಡುಗೆಮನೆಯಿಂದ ಬಂದೇ ಬರುತ್ತದೆ. “ಅಣ್ಣಾ, ಇನ್ನೊಂದು ಕುದಿ ಬರಿಸಿದ್ರೆ ಏನೂ ಆಗುದಿಲ್ಲ” ಎಂದು ಭಟ್ಟರು ಹೇಳುತ್ತಾರೆ. ಅನುಭವಿಗಳ ಮಾತು ಎಂದು ನಾವೂ ಒಪ್ಪುತ್ತೇವೆ. ಆದರೆ ಇದು ತಪ್ಪು. ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ. ಅದು ಬಿಟ್ಟುಹೋದ ವಿಷ ಎಲ್ಲ ಸಂದರ್ಭದಲ್ಲೂ ಹೋಗುವುದಿಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣುವಿನ ವಾಂತಿ ತರಿಸುವ ವಿಷ, ಕೈಯ ಗಾಯದಿಂದ, ಮೂಗಿನಿಂದ ಹಾಲಿನ ಪದಾರ್ಥಕ್ಕೆ ಸೇರುವ ಸ್ಟೆಫಿಲೊಕಾಕಸ್‌ನ ವಿಷ, ಇವೆರಡೂ ಕುದಿಸಿದರೂ ಉಳಿಯುತ್ತವೆ. ರುಚಿ, ವಾಸನೆಯಲ್ಲಿ ಏನೂ ಗೊತ್ತಾಗುವುದಿಲ್ಲ. “ಭಟ್ರೇ, ನಿಮ್ಮ ಮೇಲೆ ಸಂಶಯವಲ್ಲ, ಗಡಿಯಾರ ನಾಲ್ಕು ಗಂಟೆ ತೋರಿಸ್ತಾ ಇದೆ” ಎಂದು ಮಾಲಿಕರೇ ನಿಂತು ಹೇಳಬೇಕು. ಎಸೆಯುವ ಅಧಿಕಾರ ಮ್ಯಾನೇಜರಿಗೂ ಇರಬೇಕು. ಮಾಲಿಕರು ಊರಿಗೆ ಹೋಗಿದ್ದಾರೆ, ಕೇಳದೆ ಹೇಗೆ ಚೆಲ್ಲುವುದು ಎಂದು ಅವರು ಹೆದರಿದರೆ ಅನಾಹುತವಾಗುತ್ತದೆ.

ಎಸೆಯುವುದನ್ನು ಕೆಲಸದವರಿಗೂ ಕೊಡಬೇಡಿ, ಬಾಗಿಲಿಗೆ ಬಂದ ಬಡವರಿಗೂ ಕೊಡಬೇಡಿ. ಗಿರಾಕಿಗೆ ವಿಷವಾದದ್ದು ಅವರಿಗೆ ಅಮೃತವಾಗುವುದಿಲ್ಲ. ಎಸೆದದ್ದನ್ನು ತೂಕ ಮಾಡಿ ಬರೆದಿಡಿ, ಫೋಟೋ ತೆಗೆದಿಡಿ. ಕರೆಂಟು ಹೋಗಿ ಕೆಟ್ಟ ದಾಸ್ತಾನು ಸಾಮಾನ್ಯ ಬೆಂಕಿ ವಿಮೆಯಲ್ಲಿ ತಾನಾಗಿ ಸೇರಿರುವುದಿಲ್ಲ, ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕಾಗುತ್ತದೆ. ನವೀಕರಣದ ಹೊತ್ತಿಗೆ ಏಜೆಂಟರನ್ನು ಕೇಳಿ.

ನಷ್ಟದ ಲೆಕ್ಕ ಹಾಕುವವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. 2006ರ ಆಹಾರ ಸುರಕ್ಷೆ ಮತ್ತು ಮಾನಕಗಳ ಕಾಯಿದೆಯ 65ನೇ ಕಲಮಿನಂತೆ ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ ಪರಿಹಾರ 5 ಲಕ್ಷ ರೂಪಾಯಿಗೆ ಕಡಿಮೆ ಇಲ್ಲ. ತೀವ್ರ ಅಸ್ವಾಸ್ಥ್ಯಕ್ಕೆ 3 ಲಕ್ಷದವರೆಗೆ, ಇತರ ತೊಂದರೆಗೆ 1 ಲಕ್ಷದವರೆಗೆ. ಶಿಕ್ಷೆ, ಲೈಸೆನ್ಸ್ ರದ್ದತಿಯ ಮಾತು ಬೇರೆ.

ನೀರು, ಬಿಲ್ಲು, ಗಲ್ಲಾ

ಪಂಪ್ ನಿಂತರೆ ಮೇಲಿನ ಟ್ಯಾಂಕಿನಲ್ಲಿ ಇರುವಷ್ಟೇ ನೀರು. ಅದು ಅಡುಗೆಗೆ ಮತ್ತು ಕೈ ತೊಳೆಯಲು ಮೊದಲು. ಪಾತ್ರೆ ತೊಳೆಯುವ ನೀರು ಉಳಿಸಲು ಬಾಳೆಲೆ ಅಥವಾ ಅಡಿಕೆ ಹಾಳೆಯ ತಟ್ಟೆ ತೆಗೆಯಿರಿ. ನೀರು ಶುದ್ಧೀಕರಿಸುವ ಯಂತ್ರವೂ ನಿಂತಿರುತ್ತದೆ, ಆದ್ದರಿಂದ ಕುಡಿಯಲು ಕುದಿಸಿದ ನೀರು ಇಲ್ಲವೇ ಸೀಲ್ ಮಾಡಿದ ಬಾಟಲಿ ಕೊಡಿ. ಕೈ ತೊಳೆಯಲು ನೀರಿಲ್ಲ ಎಂದಾದ ಗಳಿಗೆಯಲ್ಲಿ ಹೊಟೇಲು ಮುಚ್ಚಿ.

ಪ್ರತ್ಯೇಕ ಕ್ರಮಸಂಖ್ಯೆಯ ಮುದ್ರಿತ ಬಿಲ್ ಪುಸ್ತಕ, ಕಾರ್ಬನ್ ಕಾಗದ, ಬೆಲೆಪಟ್ಟಿ ಗಲ್ಲಾದಲ್ಲಿ ಸದಾ ಇರಲಿ. ಗಿರಾಕಿಯ ಮೊಬೈಲ್ ನಡೆಯುವವರೆಗೆ ಯುಪಿಐ ನಡೆಯುತ್ತದೆ, ಮೊಬೈಲ್ ಟವರಿನ ಬ್ಯಾಟರಿ ಮುಗಿದರೆ ಅದೂ ಇಲ್ಲ. ಹಣ ಬಂದದ್ದನ್ನು ಗಲ್ಲಾದವರು ತಮ್ಮ ಫೋನಿನಲ್ಲೇ ನೋಡಬೇಕು, ಗಿರಾಕಿ ತೋರಿಸಿದ ಚಿತ್ರ ಸಾಲದು. ಸ್ವಲ್ಪ ಚಿಲ್ಲರೆ ಯಾವಾಗಲೂ ಉಳಿಸಿಕೊಳ್ಳಿ. ವರ್ದಾ ಕಲಿಸಿದ ಪಾಠ ಅದು.

ಮದುವೆ, ಸಮಾರಂಭ ಒಪ್ಪಿಕೊಂಡವರಿಗೆ

ಕೇಟರಿಂಗ್ ಮಾಡುವ ಬಂಧುಗಳ ಕಷ್ಟ ಇನ್ನೂ ದೊಡ್ಡದು. ಜನರೇಟರ್ ಹಾಲ್‌ನವರದು, ಜವಾಬ್ದಾರಿ ಮಾತ್ರ ನಮ್ಮದು. ಪುಣೆಯ ಸದಸ್ಯರೊಬ್ಬರು ನಮಗೆ ಹೇಳಿದ ಪ್ರಸಂಗ ಇದು. ರಾತ್ರಿ ಆರತಕ್ಷತೆ, 400 ಎಲೆ. ಏಳು ಗಂಟೆಗೆ ಕರೆಂಟು ಹೋಯಿತು. ಹಾಲ್‌ನ ಜನರೇಟರ್ ಎದ್ದರೂ ಅಡುಗೆ ಕಡೆಯ ಲೈನ್ ಬರಲಿಲ್ಲ. ಅವರು ಯಜಮಾನರನ್ನು ಬದಿಗೆ ಕರೆದು, “ರಾಯರೇ, ಅನ್ನ, ಸಾರು, ಪಲ್ಯ, ಪೂರಿ, ಹೋಳಿಗೆ ಬಿಸಿಬಿಸಿ ಬಡಿಸುತ್ತೇವೆ. ಮಧ್ಯಾಹ್ನ ಮಾಡಿಟ್ಟ ದಹಿವಡೆ, ಪನೀರ್, ರಸಮಲಾಯಿ ಬಡಿಸುವುದಿಲ್ಲ. ಆ ಹಣ ಕಳೆದುಕೊಳ್ಳಿ” ಎಂದರು. ಯಜಮಾನರಿಗೆ ಬೀಗರ ಮುಂದೆ ಮುಜುಗರವಾಯಿತು, ಮಾತೂ ಬಂತು, ಹಣವೂ ಕಡಿತವಾಯಿತು. ಮರುದಿನ ಯಾರ ಮನೆಯಿಂದಲೂ ಹೊಟ್ಟೆನೋವೆಂದು ಫೋನ್ ಬರಲಿಲ್ಲ. ಕಡಿತವಾದ ಹಣವೇ ಆ ರಾತ್ರಿಯ ವಿಮೆಯ ಕಂತು ಎಂದು ಅವರು ಹೇಳಿದ್ದು ನಮಗೆ ಸರಿಯೆನಿಸಿತು.

ಆರ್ಡರ್ ಹಿಡಿಯುವಾಗಲೇ ಬರವಣಿಗೆಯಲ್ಲಿ ಎರಡು ಸಾಲು ಸೇರಿಸಿ: ಅಡುಗೆ ಜಾಗಕ್ಕೆ ಬದಲಿ ವಿದ್ಯುತ್ ಒದಗಿಸುವುದು ಯಾರ ಹೊಣೆ, ಅದು ತಪ್ಪಿದರೆ ಯಾವ ಪದಾರ್ಥ ಕೈಬಿಡಲಾಗುವುದು. ಲಾರಿಗೆ ಪಾತ್ರೆ ತುಂಬುವಾಗ ಚಾರ್ಜಿಂಗ್ ದೀಪ, ಥರ್ಮಾಮೀಟರ್, ಐಸ್ ಪೆಟ್ಟಿಗೆಗಳನ್ನೂ ತುಂಬಿ.

ಕರೆಂಟು ಬಂದ ಮೇಲೆ

ಕರೆಂಟು ಬಂತೆಂದು ಎಲ್ಲವನ್ನೂ ಒಮ್ಮೆಗೇ ಹಾಕಬೇಡಿ. ಮೊದಲ ಗಳಿಗೆಯಲ್ಲಿ ವೋಲ್ಟೇಜ್ ಏರಿಳಿಯುತ್ತದೆ. ಕತ್ತಲಾದೊಡನೆ ಫ್ರಿಜ್, ಎ.ಸಿ., ಗ್ರೈಂಡರ್ ಸ್ವಿಚ್ ಆರಿಸಿಟ್ಟಿದ್ದರೆ ಒಳ್ಳೆಯದು. ಐದು ನಿಮಿಷ ಬಿಟ್ಟು, ಮೊದಲು ಎಕ್ಸಾಸ್ಟ್, ಆಮೇಲೆ ಒಂದೊಂದಾಗಿ ಫ್ರಿಜ್, ಕೊನೆಗೆ ಎ.ಸಿ. ಹಾಕಿ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಇದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಬಾಗಿಲು ತೆರೆದು ಗಾಳಿ ಆಡಲಿ. ಪ್ರತಿ ಫ್ರಿಜ್‌ನ ಉಷ್ಣತೆಯನ್ನು ಬಾಗಿಲಿನ ಚೀಟಿಯಲ್ಲೇ ಬರೆದು ನಂತರ ಸಾಮಾನಿನ ತೀರ್ಮಾನ ಮಾಡಿ.

ಪರೀಕ್ಷೆಯ ದಿನ ಬೇಕು

ಹೊರೆಯಿಲ್ಲದೆ ಐದು ನಿಮಿಷ ಜನರೇಟರ್ ಓಡಿಸಿ, ಸರಿಯಿದೆ ಎಂದರೆ ಅದು ಪರೀಕ್ಷೆಯಲ್ಲ. ತಿಂಗಳಿಗೊಮ್ಮೆ ಮೈನ್ ಆರಿಸಿ, ಫ್ರಿಜ್, ದೀಪ, ಎಕ್ಸಾಸ್ಟ್ ಎಲ್ಲದರ ಹೊರೆ ಕೊಟ್ಟು ಕನಿಷ್ಠ ಅರ್ಧ ಗಂಟೆ ಓಡಿಸಬೇಕು. ಪುಣೆಯಲ್ಲಿ ಗುರುವಾರ ದುರಸ್ತಿಗೆಂದು ಕರೆಂಟು ತೆಗೆಯುವ ವಾಡಿಕೆ ಬಹಳ ವರ್ಷಗಳದು. ಅಲ್ಲಿಯವರಿಗೆ ಪರೀಕ್ಷೆ ತಾನಾಗಿ ಆಗುತ್ತದೆ. ಕರೆಂಟು ಅಪರೂಪಕ್ಕೆ ಹೋಗುವ ಮುಂಬಯಿಯವರು ತಮ್ಮದೇ ಗುರುವಾರ ಮಾಡಿಕೊಳ್ಳಬೇಕು. 2008ರ ನಂತರದ ಕಡಿತದ ವರ್ಷಗಳಲ್ಲಿ ಜನರೇಟರ್ ಕೊಂಡ ಚೆನ್ನೈಯವರು ಅದರ ವಯಸ್ಸನ್ನು ನೆನಪಿಟ್ಟುಕೊಳ್ಳಬೇಕು. ದಿಲ್ಲಿ ಸುತ್ತಿನವರಿಗೆ 2023ರ ಅಕ್ಟೋಬರ್‌ನಿಂದ ಡೀಸೆಲ್ ಜನರೇಟರಿನ ನಿಯಮ ಬಿಗಿಯಾಗಿದೆ. ಹೊಗೆ ತಡೆಯುವ ಸಾಧನವನ್ನೋ ಗ್ಯಾಸ್ ಜೋಡಣೆಯನ್ನೋ ಮಾಡಿಸಿದ್ದೀರಾ ಎಂದು ಚಳಿಗಾಲಕ್ಕೆ ಮೊದಲೇ ನೋಡಿಕೊಳ್ಳಿ.

ಗೋಡೆಗೆ ಅಂಟಿಸಲು

1. ಆರಿದ ಒಲೆಗಳ ವಾಲ್ವ್ ಮುಚ್ಚಿ. ಕಿಟಕಿ ಬಾಗಿಲು ತೆರೆಯಿರಿ. ಮೇಣದ ಬತ್ತಿ ಬೇಡ.
2. ಫ್ರಿಜ್, ಫ್ರೀಜರ್ ಬಾಗಿಲಿಗೆ ಕರೆಂಟು ಹೋದ ಸಮಯದ ಚೀಟಿ. ತೆರೆಯಬೇಡಿ.
3. ಮೆಟ್ಟಿಲು, ಶೌಚಾಲಯ, ಮಾಳಿಗೆ, ಲಿಫ್ಟ್ ನೋಡಿ ಬನ್ನಿ.
4. ಫ್ರಿಜ್, ಎ.ಸಿ., ಗ್ರೈಂಡರ್ ಸ್ವಿಚ್ ಆರಿಸಿ. ಇನ್‌ವರ್ಟರಿನಿಂದ ಫ್ಯಾನು ಕಳಚಿ.
5. ಜನರೇಟರಿಗೆ ಒಬ್ಬರು, ಮೂರು ಪ್ರಯತ್ನ, 15 ನಿಮಿಷ.
6. ಕತ್ತಲೆ ಮೆನು ಹೊರಗೆ ತೆಗೆಯಿರಿ. ಚಟ್ನಿ ಇಲ್ಲ.
7. ಅಪಾಯದ ವಲಯದಲ್ಲಿ ನಾಲ್ಕು ಗಂಟೆ ಕಳೆದದ್ದನ್ನು ಎಸೆಯಿರಿ. ಯಾರನ್ನೂ ಕೇಳಬೇಕಾಗಿಲ್ಲ.
8. ಕೈ ತೊಳೆಯಲು ನೀರಿಲ್ಲದಿದ್ದರೆ ಹೊಟೇಲು ಮುಚ್ಚಿ.

ಇದನ್ನು ಕನ್ನಡದಲ್ಲೂ, ನಿಮ್ಮ ಕೆಲಸದವರು ಓದುವ ಹಿಂದಿ, ಮರಾಠಿ, ತಮಿಳು, ತೆಲುಗಿನಲ್ಲೂ ಬರೆಸಿ ಅಡುಗೆಮನೆಯಲ್ಲಿ ಅಂಟಿಸಿ. ವರ್ಷಕ್ಕೆ ಎರಡು ಸಲ ಎಲ್ಲರನ್ನೂ ನಿಲ್ಲಿಸಿ ಓದಿಸಿ. ನೆರೆ ಬಂದ ಮೇಲೆ ಕಟ್ಟ ಕಟ್ಟುವ ಕೆಲಸ ನಮ್ಮದಾಗಬಾರದು. ಸದಸ್ಯರು ತಮ್ಮ ಅನುಭವ, ತಾವು ಕಂಡುಕೊಂಡ ಉಪಾಯಗಳನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಎಲ್ಲರಿಗೂ ತಲುಪಿಸುತ್ತೇವೆ.